ಬಿಂದಿಗೆ ಹುಡುಗಿಯ ಮೂಗು

ಎಲ್ಲ ಶುರುವಾದದ್ದು ಒಂದು ಸೀನಿನಿಂದ. ಅಂಥಿಂಥ ಸೀನಲ್ಲ. ಬೆಳಿಗ್ಗೆ ಒಂಬತ್ತು ಗಂಟೆಗೆ, ಪೇಟೆ ಚೌಕದ ನಟ್ಟನಡುವೆ, ಏಣಿಯ ಏಳನೇ ಮೆಟ್ಟಿಲ ಮೇಲೆ, ಎಡಗೈಯಲ್ಲಿ ಅಂಟಿನ ಡಬ್ಬಿ, ಬಲಗೈಯಲ್ಲಿ ಇಡೀ ಊರಿನ ಮರ್ಯಾದೆ ಹಿಡಿದು ನಿಂತಿದ್ದಾಗ ಬಂದ ಸೀನು. ಊರಿನ ಮರ್ಯಾದೆ ಅಂದರೆ ಒಂದು ಮೂಗು. ಬಿಳಿ ಮೆದುಗಲ್ಲಿನದು, ಹೆಬ್ಬೆರಳಿನಷ್ಟು ಉದ್ದ, ನಡುವೆ ಒಂದು ಚಿಕ್ಕ ದಿಬ್ಬ.

ಸೀನಿದವನು ತೇಪೆರಾಯ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಪಾಪ. ಆದರೆ ಹನ್ನೊಂದು ವರ್ಷದಿಂದ ಊರಿನ ಮ್ಯೂಸಿಯಮ್ಮಿನಲ್ಲಿ ಒಡೆದ ಹೂಜಿ, ಬಿರುಕು ಬಿಟ್ಟ ಮೂರ್ತಿ, ಕೈಕಾಲು ಕಳೆದುಕೊಂಡ ಗೊಂಬೆಗಳಿಗೆ ತೇಪೆ ಹಾಕುತ್ತಾ ಬಂದಿದ್ದರಿಂದ ಜನ ಅವನಿಗೂ ಒಂದು ಹೆಸರು ಅಂಟಿಸಿಬಿಟ್ಟಿದ್ದರು. ಕೆಲಸದಲ್ಲಿ ಬಲು ನಿಯತ್ತಿನವನು. ಆದರೆ ಹನ್ನೊಂದು ವರ್ಷವೂ ತಾತ್ಕಾಲಿಕ ನೌಕರ.

ಈಗ ಆ ಮೂಗಿನ ಕತೆ ಹೇಳದಿದ್ದರೆ ಸೀನಿನ ಬೆಲೆ ನಿಮಗೆ ಗೊತ್ತಾಗುವುದಿಲ್ಲ. ಚೌಕದ ಕಾರಂಜಿಗೆ ನೂರಿಪ್ಪತ್ತು ವರ್ಷ. ಪೇಟೆಗೆ ಬಂದವರ ಬಾಯಾರಿಕೆ ತೀರಲಿ ಅಂತ ಒಬ್ಬ ಬಟ್ಟೆ ವ್ಯಾಪಾರಿ ಕಟ್ಟಿಸಿದ್ದು. ನಡುವೆ, ಸೊಂಟದ ಮೇಲಿನ ಬಿಂದಿಗೆಯನ್ನು ಬಾಗಿಸಿಕೊಂಡು ನಿಂತ ಕಲ್ಲಿನ ಹುಡುಗಿ. ನೀರು ಬರುವುದು ಆ ಬಿಂದಿಗೆಯಿಂದ. ಎಲ್ಲಿಂದಲೋ ಬಂದ ಶಿಲ್ಪಿ ಇದೇ ಚೌಕಕ್ಕೆ ನೀರಿಗೆ ಬರುತ್ತಿದ್ದ ಒಬ್ಬಳನ್ನು ಎದುರಿಗೆ ನಿಲ್ಲಿಸಿಕೊಂಡು, ಕೂದಲೆಳೆಯಷ್ಟೂ ಆಚೀಚೆ ಆಗದ ಹಾಗೆ ಕೆತ್ತಿದನಂತೆ. ಮೂರ್ತಿ ಮುಗಿಸಿ ಹೊರಟುಹೋದ ಪುಣ್ಯಾತ್ಮ, ಅವಳ ಹೆಸರು ಮಾತ್ರ ಬರೆದಿಡಲಿಲ್ಲ.

ಎಪ್ಪತ್ತು ವರ್ಷದ ಹಿಂದೆ ಅವಳ ಮೂಗು ಹೋಯಿತು. ಹೇಗೆ ಹೋಯಿತು ಅಂತ ಕೇಳಿದರೆ ಚೌಕದಲ್ಲಿ ಎಷ್ಟು ಬಾಯಿಯೋ ಅಷ್ಟು ಕತೆ. ಸಿಡಿಲು ಅನ್ನುವವರುಂಟು, ಬ್ಯಾಂಡಿನವನ ತುತ್ತೂರಿ ತಗಲಿತು ಅನ್ನುವವರುಂಟು. ಹೋದ ವರ್ಷ ತೊಟ್ಟಿಯ ಹೂಳೆತ್ತುವಾಗ ಆ ಅಸಲಿ ಮೂಗು ತೇಪೆರಾಯನ ಕೈಗೇ ಸಿಕ್ಕಿತು. ಮ್ಯೂಸಿಯಮ್ಮಿನ ಮುಖ್ಯಸ್ಥೆ, ಎಲ್ಲರೂ 'ಮೇಡಂ' ಅನ್ನುವವರು, ಅದನ್ನು ನೋಡಿ ಅತ್ತೇಬಿಟ್ಟರು. ಆ ಹುಡುಗಿ ಯಾರು ಅನ್ನುವ ಒಂದೇ ಪ್ರಶ್ನೆಯ ಹಿಂದೆ ಮೂವತ್ತು ವರ್ಷ ಓಡಾಡಿ, ನಾನೂರು ಪುಟದ ಪುಸ್ತಕ ಬರೆದು, ಕೊನೆಯ ಪುಟದಲ್ಲಿ 'ಗೊತ್ತಿಲ್ಲ' ಅಂತ ಒಪ್ಪಿಕೊಂಡಿದ್ದ ಹೆಂಗಸು ಅವರು. ಮೂಗಿನ ಉದ್ದ, ಅಗಲ, ದಿಬ್ಬದ ಎತ್ತರ, ತುದಿಯ ಬಾಗು ಎಲ್ಲವನ್ನೂ ಹಿತ್ತಾಳೆಯ ಅಳತೆ ಕೈವಾರದಲ್ಲಿ ಅಳೆದು ಪತ್ರಿಕೆಗೂ ಕೊಟ್ಟಿದ್ದರು.

"ಸಂಜೆ ನಾಲ್ಕಕ್ಕೆ ಪರದೆ ತೆಗೀತೀವಿ. ಅಸಲಿ ಮೂಗು ಅಸಲಿ ಜಾಗದಲ್ಲಿ ಕೂತಿದ್ದು ಕಂಡ ತಕ್ಷಣ ನಿಮ್ಮ ಆರ್ಡರಿಗೆ ಅಲ್ಲೇ ಸಹಿ," ಅಂದಿದ್ದರು ಮೇಡಂ. 'ಕಾರಂಜಿ ಪಾಲಕ' ಅನ್ನುವ ಹುದ್ದೆ. ಕಾಯಂ. ಜೊತೆಗೆ ಮ್ಯೂಸಿಯಮ್ಮಿನ ಹಿಂದೆ ಎರಡು ಕೋಣೆಯ ವಸತಿ.

ನಿಜ ಹೇಳಬೇಕೆಂದರೆ ತೇಪೆರಾಯನಿಗೆ ಹುದ್ದೆಗಿಂತ ಆ ಎರಡು ಕೋಣೆಯ ಮೇಲೇ ಜೀವ. ಯಾಕೆಂದರೆ ಅವನು ಮನೆ ಅಳಿಯ. ಸಂಜೆ ಅವನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಹಾಗೇ ಒಳಗಿಂದ ಅತ್ತೆಯ ದನಿ ಬರುತ್ತಿತ್ತು: "ನಮ್ಮ ತಾತ್ಕಾಲಿಕ ಅಳಿಯಂದ್ರು ಬಂದ್ರು, ತಟ್ಟೆ ಹಾಕೇ!" ಹನ್ನೊಂದು ವರ್ಷ ದಿನಾ ಇದೇ ಮಾತು. ಅವನ ಹೆಂಡತಿ ಒಳ್ಳೆಯವಳು, ನಗುನಗುತ್ತಲೇ ಇರುವವಳು. ಆದರೆ ಅಮ್ಮನ ಎದುರು ಅವಳ ಬಾಯಿಯೂ ಏಳುತ್ತಿರಲಿಲ್ಲ. ಇವತ್ತು ಬೆಳಿಗ್ಗೆ ಮಾತ್ರ ಬಾಗಿಲ ತನಕ ಬಂದು, "ರೀ, ಆ ಎರಡು ಕೋಣೆಗೆ ಒಂದು ಚಿಲಕ ಇದೆ ಅಲ್ವಾ? ಒಳಗಿಂದ ಹಾಕ್ಕೊಳ್ಳೋದು?" ಅಂತ ಮೆಲ್ಲಗೆ ಕೇಳಿದ್ದಳು. ಆ ಚಿಲಕವನ್ನು ನೆನೆಸಿಕೊಂಡೇ ಅವನು ಏಣಿ ಹತ್ತಿದ್ದ.

ಮೂರ್ತಿಯ ತಲೆಯಿಂದ ಸೊಂಟದವರೆಗೆ ಹೊಸ ಪರದೆ ಕಟ್ಟಿತ್ತು. ಅದರೊಳಗೆ ತೂರಿಕೊಂಡ ತೇಪೆರಾಯನಿಗೆ ಹೊಸ ಬಟ್ಟೆಯ ಗಂಜಿಪುಡಿ ಮೂಗಿಗೆ ಹೊಡೆಯಿತು. ಆ... ಆ... ಆಕ್ಷೀ! ಇದ್ದ ಮೂಗು ಸೀನಿತು, ಅಂಟಬೇಕಿದ್ದ ಮೂಗು ಕೈಯಿಂದ ಹಾರಿತು. ಕೆಳಗೆ ತೊಟ್ಟಿಯಲ್ಲಿ 'ಬುಳಕ್' ಅಂತ ಸದ್ದಾಯಿತು.

ಸರಿ, ಇಳಿದು ಎತ್ತಿಕೊಂಡರಾಯಿತು ಅಂದುಕೊಂಡ. ಆಗಬೇಕಲ್ಲ! ಚೌಕದಲ್ಲಿ ಒಬ್ಬರು ರಿಟೈರಾದ ಇತಿಹಾಸದ ಮೇಷ್ಟ್ರಿದ್ದರು. ಬೆಳಗಾದರೆ ಕಾರಂಜಿಯ ಕಟ್ಟೆಯ ಮೇಲೆ ಕೂತು, ಬೇಡ ಬೇಡ ಅಂದರೂ ಎಲ್ಲರಿಗೂ ಸಹಾಯ ಮಾಡುವವರು. ಅವರು ಅದೇ ಹೊತ್ತಿಗೆ, "ಪಂಪು ಓಡುತ್ತೋ ಇಲ್ವೋ ನೋಡಿಬಿಡ್ತೀನಿ ಕಣಪ್ಪಾ, ಸಂಜೆ ಕೈಕೊಟ್ಟೀತು!" ಅನ್ನುತ್ತಾ ಗುಂಡಿ ಒತ್ತಿಬಿಟ್ಟರು.

"ಮೇಷ್ಟ್ರೇ, ಬೇಡ!" ಅನ್ನುವಷ್ಟರಲ್ಲಿ ಆಗಬಾರದ್ದು ಆಗಿಹೋಯಿತು. ಹಳೇ ಪಂಪು ಗರಗರ ಅಂದಿತು, ಕೆಮ್ಮಿತು, ಏನನ್ನೋ ನುಂಗಿ ನುಣ್ಣಗೆ ಅರೆಯಿತು. ಆಮೇಲೆ ಬಿಂದಿಗೆಯಿಂದ ಒಂದು ನಿಮಿಷದ ತನಕ ಹಾಲಿನಂಥ ಬೆಳ್ಳನೆ ನೀರು ಸುರಿಯಿತು.

"ಆಹಾ! ನೋಡ್ರೋ, ಎಂಥ ಶುಭ! ಹುಡುಗಿ ಹಾಲು ಸುರಿಸ್ತಿದ್ದಾಳೆ!" ಮೇಷ್ಟ್ರು ಚಪ್ಪಾಳೆ ತಟ್ಟಿದರು. ಓಡಾಡುತ್ತಿದ್ದವರೆಲ್ಲ ನಿಂತರು. ಒಬ್ಬಾಕೆ ಚೊಂಬು ಹಿಡಿದು ಓಡಿಬಂದಳು. ಏಣಿಯ ಮೇಲಿದ್ದ ತೇಪೆರಾಯನಿಗೆ ಮಾತ್ರ ಗೊತ್ತಿತ್ತು, ಅದು ಹಾಲಲ್ಲ, ಎರಡು ಕೋಣೆಯ ವಸತಿ ಅಂತ.

ಏಣಿ ಇಳಿದು ಅವನು ನೇರ ಎದುರಿನ ಕ್ಷೌರದ ಅಂಗಡಿಗೆ ಹೋಗಿ ಖಾಲಿ ಕುರ್ಚಿಯಲ್ಲಿ ಕುಸಿದ. ಅಂಗಡಿಯ ಯಜಮಾನ ಅವನ ಹಳೇ ಸ್ನೇಹಿತ. ಏನೂ ಕೇಳದೆ ಕುತ್ತಿಗೆಗೆ ಬಟ್ಟೆ ಸುತ್ತಿದ.

"ಶೇವಾ, ಕಟಿಂಗಾ?"

"ಕತ್ತು ಕುಯ್ದುಬಿಡು ಮಾರಾಯ," ಅಂದ ತೇಪೆರಾಯ. ಆಮೇಲೆ ಎಲ್ಲವನ್ನೂ ಹೇಳಿ ಗೊಳೋ ಅಂದ.

ಕ್ಷೌರಿಕ ಕತ್ತರಿ ಕೆಳಗಿಟ್ಟ. "ಇಷ್ಟಕ್ಕೇ ಅಳ್ತಾರಾ? ದಿನಕ್ಕೆ ನಲವತ್ತು ಮೂಗು ಹಿಡಿದೆತ್ತಿ ಮೀಸೆ ತಿದ್ದೋನು ನಾನು. ಮೂಗಿಗೇನು ಬರ ಈ ಊರಲ್ಲಿ? ಇನ್ನೊಂದು ಕೆತ್ತು."

"ಕೆತ್ತೋಕೆ ಎಂಟು ದಿನ ಬೇಕು. ನನ್ನ ಹತ್ರ ಇರೋದು ಏಳು ಗಂಟೆ."

"ಹಾಗಾದ್ರೆ ಅಚ್ಚು ತೆಗಿ. ಮ್ಯೂಸಿಯಮ್ಮಲ್ಲಿ ಮಡಕೆ ಕಂಠಕ್ಕೆ ಪ್ಲಾಸ್ಟರ್ ಮೆತ್ತಿ ಅಚ್ಚು ತೆಗೀತೀಯಲ್ಲ, ಹಾಗೇ ಬದುಕಿರೋ ಮನುಷ್ಯನ ಮೂಗಿಗೆ ಮೆತ್ತು. ಅದರೊಳಗೆ ಕಲ್ಲುಪುಡಿ, ಅಂಟು ಕಲಸಿ ತುಂಬು. ನನ್ನ ಹೇರ್ ಡ್ರೈಯರಲ್ಲಿ ಒಣಗಿಸೋಣ. ಯಾವನಿಗೆ ಗೊತ್ತಾಗುತ್ತೆ?"

ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ. ತೇಪೆರಾಯ ಕಣ್ಣೊರೆಸಿಕೊಂಡು ಜೇಬಿನಿಂದ ಮೇಡಂ ಬರೆದುಕೊಟ್ಟ ಅಳತೆ ಚೀಟಿ ತೆಗೆದ. ತನ್ನ ಮೂಗು ನೋಡಿಕೊಂಡ, ಕುಳ್ಳು. ಕ್ಷೌರಿಕನದು ನೋಡಿದ, ಬದನೆಕಾಯಿ. ಇಬ್ಬರೂ ಅಂಗಡಿಯ ಬಾಗಿಲಲ್ಲಿ ನಿಂತು ಹೋಗಿಬರುವವರ ಮೂಗು ಆರಿಸತೊಡಗಿದರು. ನೂರು ಜನ ಹೋದರು. ಒಂದು ಮೊಂಡು, ಒಂದು ಗಿಣಿ ಕೊಕ್ಕು, ಒಂದು ಎಡಕ್ಕೆ ತಿರುಗಿದ್ದು. ಉದ್ದ ಇದ್ದರೆ ದಿಬ್ಬ ಇಲ್ಲ, ದಿಬ್ಬ ಇದ್ದರೆ ತುದಿ ಬಾಗಿಲ್ಲ. ದೇವರು ಇಷ್ಟು ತರಹದ ಮೂಗು ಮಾಡಿದ್ದಾನೆ ಅಂತ ಅವತ್ತಿನ ತನಕ ತೇಪೆರಾಯನಿಗೆ ಗೊತ್ತಿರಲಿಲ್ಲ.

ಹನ್ನೊಂದು ಗಂಟೆಗೆ ಅಂಚೆಯಣ್ಣ ಬಂದು ಶೇವಿಂಗಿಗೆ ಕೂತು, ಎಂದಿನಂತೆ ಕುರ್ಚಿಯಲ್ಲೇ ನಿದ್ದೆಹೋದ. ಮೂಗು ಒಂದು ಲೆಕ್ಕಕ್ಕೆ ಪರವಾಗಿಲ್ಲ. ಕ್ಷೌರಿಕ ಕಣ್ಣು ಮಿಟುಕಿಸಿದ. ತೇಪೆರಾಯ ಓಡಿಹೋಗಿ ಮ್ಯೂಸಿಯಮ್ಮಿನಿಂದ ಸಾಮಾನಿನ ಚೀಲ ತಂದು, ಪ್ಲಾಸ್ಟರ್ ಕಲಸಿ ಮೆಲ್ಲಗೆ ಮೆತ್ತಿದ. ಎಲ್ಲ ಸರಿಯಾಗಿತ್ತು. ಆದರೆ ಅಂಚೆಯಣ್ಣನಿಗೆ ಪೊದೆಯಂಥ ಮೀಸೆ ಇದ್ದದ್ದನ್ನು ಗಾಬರಿಯಲ್ಲಿ ಇಬ್ಬರೂ ಮರೆತಿದ್ದರು. ಅಚ್ಚು ಕೀಳುವಾಗ ಅರ್ಧ ಮೀಸೆಯೂ ಜೊತೆಗೇ ಬಂತು. ಅಂಚೆಯಣ್ಣನ ಕೂಗಿಗೆ ಕಾರಂಜಿಯ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದವು.

"ಏನ್ರೋ ಮಾಡಿದ್ರಿ ನನಗೆ?"

"ಹೊಸ ಫ್ಯಾಶನ್ ಅಣ್ಣಾ," ಅಂದ ಕ್ಷೌರಿಕ, ಮುಖದ ಒಂದು ಗೆರೆಯೂ ಅಲುಗದಂತೆ. "ಇನ್ನರ್ಧವನ್ನೂ ತೆಗೆದುಬಿಟ್ರೆ ಹತ್ತು ವರ್ಷ ಚಿಕ್ಕೋರಾಗಿ ಕಾಣ್ತೀರಿ." ಅಂಚೆಯಣ್ಣ ಕನ್ನಡಿಯಲ್ಲಿ ಆ ಕಡೆಯಿಂದ ಈ ಕಡೆಯಿಂದ ನೋಡಿಕೊಂಡು, ಕಡೆಗೆ ಹೂಂ ಅಂದ. ಅಚ್ಚಿನ ತುಂಬ ಮೀಸೆ. ಅದರಲ್ಲಿ ಹುಯ್ದಿದ್ದರೆ ಬಿಂದಿಗೆ ಹುಡುಗಿಯ ಮೂಗಿಗೆ ಕೂದಲು ಬೆಳೆದಿರುತ್ತಿತ್ತು.

ಅದನ್ನು ಬುಟ್ಟಿಗೆ ಎಸೆಯುವಷ್ಟರಲ್ಲಿ ಬಾಗಿಲಲ್ಲಿ ಮೇಡಂ! ರೇಷ್ಮೆ ಸೀರೆ, ಹೆಗಲಿಗೆ ಚೀಲ, ಮುಖದ ತುಂಬ ಹಬ್ಬ. "ಇಲ್ಲಿದ್ದೀರಾ? ಮೂಗು ಕೂತಿತಾ? ಒಂದು ಸಲ ನೋಡಿಬಿಡ್ಲಾ?"

"ಅಯ್ಯೋ, ಈಗ ಬೇಡ ಮೇಡಂ!" ತೇಪೆರಾಯನ ದನಿ ಕೀರಲಾಯಿತು. "ಅಂಟು... ಅಂಟು ಒಣಗ್ತಾ ಇದೆ. ಉಸಿರು ತಾಗಿದ್ರೂ ಅಲುಗಾಡುತ್ತೆ."

"ಸರಿ ಸರಿ, ನಿಮ್ಮ ಕೈಮೇಲೆ ನಂಬಿಕೆ ಇದೆ ನನಗೆ." ಮೇಡಂ ಚೀಲ ತಟ್ಟಿದರು. "ಆರ್ಡರು ಟೈಪಾಗಿದೆ. ಸಹಿ ಒಂದು ಬಾಕಿ." ಆ ನಂಬಿಕೆಯ ಮಾತು ತೇಪೆರಾಯನಿಗೆ ಚುಚ್ಚಿತು. ನಿಜ ಹೇಳಿಬಿಡೋಣ ಅಂತ ಬಾಯಿ ತೆರೆದ. ಚಿಲಕ ನೆನಪಾಯಿತು. ಮುಚ್ಚಿದ.

ಒಂದು ಗಂಟೆಗೆ, ಇನ್ನು ಮುಗಿಯಿತು ಅಂತ ಕೈಚೆಲ್ಲಿ ಕೂತಿದ್ದಾಗ ಬೀದಿಯ ಕಡೆಯಿಂದ ದನಿ ಬಂತು. "ನಮ್ಮ ತಾತ್ಕಾಲಿಕ ಅಳಿಯಂದ್ರು ಎಲ್ಲಿ? ಊಟದ ಡಬ್ಬಿ ಮನೇಲೇ ಮರೆತು ಬಂದಿದ್ದಾರೆ. ತಂದುಕೊಡೋಕೂ ಕಾಯಂ ಆಳು ನಾನೇ!"

ಅತ್ತೆ! ತೇಪೆರಾಯ ಗಡಬಡಿಸಿ ಎದ್ದು, ರೂಢಿಯಂತೆ ತಲೆ ತಗ್ಗಿಸಿ ನಿಂತ. ಈ ಹನ್ನೊಂದು ವರ್ಷದಲ್ಲಿ ಅವನು ಅತ್ತೆಯ ಮುಖವನ್ನು ಸರಿಯಾಗಿ ಕತ್ತೆತ್ತಿ ನೋಡಿದವನೇ ಅಲ್ಲ. ಅವರ ಚಪ್ಪಲಿಯ ಪರಿಚಯ ಚೆನ್ನಾಗಿತ್ತು, ಅಷ್ಟೆ. ಕ್ಷೌರಿಕ ಅವನ ಪಕ್ಕೆಗೆ ತಿವಿದ. ಒಂದಲ್ಲ, ಮೂರು ಸಲ.

"ಏನೋ?"

"ಮೇಲೆ ನೋಡೋ!"

ತೇಪೆರಾಯ ನೋಡಿದ. ಉದ್ದ ಸರಿ. ನಡುವೆ ಚಿಕ್ಕ ದಿಬ್ಬ. ತುದಿ ಒಂದಿಷ್ಟು ಬಾಗು. ಪಂಪು ನುಂಗಿದ ಮೂಗು ಅತ್ತೆಯ ಮುಖದ ಮೇಲೆ ಬಂದು ಕೂತಿತ್ತು! ಇಷ್ಟು ವರ್ಷ ಒಂದೇ ಸೂರಿನ ಕೆಳಗೆ ಇದ್ದೂ ಕಾಣದೇ ಹೋಯಿತಲ್ಲ ಅಂತ ಹಣೆ ಚಚ್ಚಿಕೊಳ್ಳುವಂತಾಯಿತು. ಆದರೆ ಅತ್ತೆಯ ಮೂಗು ಹಿಡಿಯುವುದೆಂದರೆ ಹಾವಿನ ಹುತ್ತಕ್ಕೆ ಕೈಹಾಕಿದಂತೆ.

ಮಾತು ಶುರುಮಾಡಿದವನು ಕ್ಷೌರಿಕ. "ಅಮ್ಮಾ, ಸಂಜೆ ಪತ್ರಿಕೆಯೋರು ಬರ್ತಾರೆ, ಫೋಟೋ ತೆಗೀತಾರೆ. ಮೂಗಿನ ಮೇಲೆ ಆ ಕಪ್ಪು ಚುಕ್ಕೆ ಯಾಕೆ? ಹೊಸ ಪ್ಯಾಕ್ ಬಂದಿದೆ. ಕಾಲು ಗಂಟೆ ಇಟ್ರೆ ಮೂಗು ಹಾಲಿನಂಗೆ ಆಗುತ್ತೆ."

ಅತ್ತೆ ಅನುಮಾನದಿಂದ ಇಬ್ಬರನ್ನೂ ನೋಡಿದರು. "ನಿಮ್ಮ ಅಳಿಯಂದ್ರೇ ಹಚ್ತಾರೆ," ಅಂತ ಸೇರಿಸಿದ ಕ್ಷೌರಿಕ.

"ಇವ್ರಾ? ಇವ್ರು ಹಚ್ಚಿದ್ದು ತಾತ್ಕಾಲಿಕ ಆಗುತ್ತೆ ಅಷ್ಟೆ," ಅನ್ನುತ್ತಲೇ ಅತ್ತೆ ಕುರ್ಚಿ ಹತ್ತಿ ಕೂತರು. ಫೋಟೋ ಅಂದರೆ ಯಾರು ಬಿಡುತ್ತಾರೆ!

ತೇಪೆರಾಯ ಎಣ್ಣೆ ಸವರಿದ, ಹೊಳ್ಳೆಗೆ ಹತ್ತಿ ಇಟ್ಟ, ಪ್ಲಾಸ್ಟರ್ ಮೆತ್ತಿದ. "ಅತ್ತೇ, ಮಾತಾಡಬೇಡಿ. ಮಾತಾಡಿದ್ರೆ ಬಿರುಕು ಬಿಟ್ಟು ಮುಖವೆಲ್ಲ ಸುಕ್ಕಾಗುತ್ತಂತೆ." ಹಾಗೆ ಅತ್ತೆ ಕಾಲು ಗಂಟೆ ಮೌನವಾಗಿ ಕೂತರು. ಮದುವೆಯಾದ ಮೇಲೆ ಅವನು ಕಂಡ ಅತ್ಯಂತ ಸುಖದ ಕಾಲು ಗಂಟೆ ಅದು. ಅಚ್ಚು ಬೇಗ ಒಣಗಿತಲ್ಲಾ ಅಂತ ಅವನಿಗೆ ನಿಜವಾಗಲೂ ಬೇಜಾರಾಯಿತು.

ಆಮೇಲಿನದು ಬರೀ ಓಟ. ಕಲ್ಲುಪುಡಿ ಕಲಸು, ತುಂಬು, ಡ್ರೈಯರು ಹಿಡಿ, ಅಚ್ಚು ಒಡಿ, ಉಜ್ಜು. ಮೂರೂವರೆಗೆ ತೇಪೆರಾಯ ಮೂಗಿಗೆ ಬಟ್ಟೆ ಕಟ್ಟಿಕೊಂಡು ಪರದೆಯೊಳಗೆ ತೂರಿ, ಹೊಸ ಮೂಗನ್ನು ಅಂಟಿಸಿದ. ಕೂತಿತು ನೋಡಿ! ಹುಟ್ಟಿದಾಗಿನಿಂದ ಅಲ್ಲೇ ಇದ್ದ ಹಾಗೆ ಕೂತಿತು. ಅವನು ಏಣಿಯಿಂದ ಇಳಿಯುವಾಗ ಸಿಳ್ಳೆ ಹಾಕುತ್ತಿದ್ದ.

ನಾಲ್ಕು ಗಂಟೆ. ಚೌಕದ ತುಂಬ ಜನ. ಹೆಂಡತಿ ಮುಂದಿನ ಸಾಲಿನಿಂದ ಅವನತ್ತ ಕೈಬೀಸಿದಳು. ಮೀಸೆಯಿಲ್ಲದ ಅಂಚೆಯಣ್ಣ ಎಲ್ಲರಿಗೂ ಹೊಸ ಮುಖ ತೋರಿಸಿಕೊಂಡು ಓಡಾಡುತ್ತಿದ್ದ. ಮೇಡಂ ಭಾಷಣ ಮಾಡಿದರು. "ಈ ಹುಡುಗಿ ಯಾರು? ಮೂವತ್ತು ವರ್ಷದಿಂದ ಹುಡುಕ್ತಿದ್ದೀನಿ. ಇವತ್ತು ಅವಳ ಮೂಗಾದ್ರೂ ಅವಳಿಗೆ ಸಿಗ್ತಿದೆ!" ಅನ್ನುತ್ತಾ ಹಗ್ಗ ಎಳೆದರು. ಪರದೆ ಜಾರಿತು. ಮೇಷ್ಟ್ರು ಗುಂಡಿ ಒತ್ತಿದರು. ನೀರು ಚಿಮ್ಮಿತು. ಬಿಸಿಲಿಗೆ ಹೊಳೆಯುತ್ತಾ ನಿಂತ ಆ ಹುಡುಗಿ ಎಷ್ಟು ಚಂದವಿದ್ದಳೆಂದರೆ ಜನ ಚಪ್ಪಾಳೆ ತಟ್ಟುವುದನ್ನೂ ಮರೆತು ಆಹಾ ಅಂದರು. ಎಪ್ಪತ್ತು ವರ್ಷದ ಮೇಲೆ ಅವಳು ಉಸಿರಾಡಿದ ಹಾಗಿತ್ತು. ತೇಪೆರಾಯನ ಕಣ್ಣು ತುಂಬಿ ಬಂತು.

ಮೇಡಂ ಕೈವಾರ ಹಿಡಿದು ಏಣಿ ಹತ್ತಿದರು. ಅಳೆದರು. "ಉದ್ದ ಸರಿ. ದಿಬ್ಬ ಸರಿ. ಅದೇ ಮೂಗು!" ಅಂತ ಇಳಿದು ಬಂದು ತೇಪೆರಾಯನ ಕೈಕುಲುಕಿದರು. ಚೀಲದಿಂದ ಆರ್ಡರು ತೆಗೆದರು. ಪೆನ್ನಿನ ಮುಚ್ಚಳ ಬಿಚ್ಚಿದರು.

"ಅಯ್ಯೋ, ನಮ್ಮ ಮುತ್ತಜ್ಜೀ!"

ಜನರ ನಡುವಿನಿಂದ ಆ ಕೂಗು ಬಂತು. ಅತ್ತೆ! ಎರಡೂ ಕೈ ಮುಂದೆ ಚಾಚಿಕೊಂಡು ಕಾರಂಜಿಯ ಕಟ್ಟೆಯ ತನಕ ಬಂದು ನಿಂತರು. ಒಂದು ಸಲ ಮೂರ್ತಿಯ ಕಡೆ, ಒಂದು ಸಲ ಜನರ ಕಡೆ ಮುಖ ತಿರುಗಿಸಿದರು. ಚೌಕದ ಕಣ್ಣುಗಳೆಲ್ಲ ಮೇಲಕ್ಕೂ ಕೆಳಕ್ಕೂ ಓಡಿದವು. ಮೇಲೊಂದು ಮೂಗು, ಕೆಳಗೊಂದು ಮೂಗು. ಎರಡೂ ಒಂದೇ.

"ನಮ್ಮ ಮುತ್ತಜ್ಜಿ ದಿನಾ ಇದೇ ಚೌಕಕ್ಕೆ ನೀರಿಗೆ ಬರ್ತಿದ್ಲಂತೆ," ಶುರುಮಾಡಿದರು ಅತ್ತೆ, ದನಿಯಲ್ಲಿ ಒಂದಿಷ್ಟು ಅಳು ಬೆರೆಸಿ. "ಒಬ್ಬ ಶಿಲ್ಪಿ ಬಂದು, 'ತಾಯೀ, ಒಂದು ತಿಂಗಳು ಹೀಗೇ ನಿಂತ್ಕೋ' ಅಂದ್ನಂತೆ. 'ನೀರು ತಣ್ಣಗಾಗುತ್ತೆ, ಅತ್ತೆ ಬೈತಾರೆ' ಅಂದ್ಲಂತೆ ಇವಳು!" ಜನ ಹೋ ಅಂತ ನಕ್ಕರು. ತಣ್ಣೀರು ಹೇಗೆ ತಣ್ಣಗಾಗುತ್ತೆ ಅಂತ ಒಬ್ಬನಾದರೂ ಕೇಳಬೇಡವೇ? ಅತ್ತೆ ಅರ್ಧ ಗಂಟೆ ಹೇಳಿದರು. ನಗಿಸಿದರು, ಅಳಿಸಿದರು. ಪತ್ರಿಕೆಯವನು ಬರೆದು ಬರೆದು ಪುಸ್ತಕ ಮುಗಿಸಿದ. ಮೇಷ್ಟ್ರಂತೂ, "ಹೌದ್ಹೌದು, ನಾನೂ ಎಲ್ಲೋ ಓದಿದ್ದೆ," ಅಂತ ಸಾಕ್ಷಿಯನ್ನೂ ಹೇಳಿಬಿಟ್ಟರು.

ಮೇಡಂ ಕೈವಾರ ಹಿಡಿದು ಅತ್ತೆಯ ಮೂಗು ಅಳೆದರು. ಮತ್ತೆ ಅಳೆದರು. "ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ," ಅಂದವರೇ ಅತ್ತೆಯನ್ನು ತಬ್ಬಿಕೊಂಡು ಗಳಗಳನೆ ಅತ್ತರು. "ನನ್ನ ಪುಸ್ತಕದ ಕೊನೇ ಪುಟ ನೀವು!"

ಕ್ಷೌರಿಕ ತೇಪೆರಾಯನ ಕಿವಿಯ ಹತ್ತಿರ ಬಂದ. "ಏನೋ ಇದು? ಹೇಳಿಬಿಡ್ಲಾ?"

"ಬೇಡ ಮಾರಾಯ, ಬೇಡ!" ಹೇಳಿದರೆ ಅಸಲಿ ಮೂಗು ಎಲ್ಲಿ ಅಂತ ಕೇಳುತ್ತಾರೆ. ಕೇಳಿದರೆ ಪಂಪು ತೋರಿಸಬೇಕು. ಮುಗುಳ್ನಗುತ್ತಾ ನಿಲ್ಲುವುದೊಂದೇ ದಾರಿ ಅಂತ ಅವನು ಹಲ್ಲು ಬಿಟ್ಟುಕೊಂಡು ನಿಂತ. ಹೋಗಲಿ, ಅತ್ತೆಗೊಂದು ಹಾರ ಬಿದ್ದರೆ ನನ್ನದೇನು ಹೋಗುತ್ತೆ ಅಂತ ಸಮಾಧಾನವನ್ನೂ ಹೇಳಿಕೊಂಡ.

ಮೇಡಂ ಕಣ್ಣೊರೆಸಿಕೊಂಡು ಮೈಕು ಹಿಡಿದರು. "ಈ ಮೂರ್ತಿಯನ್ನ ನೋಡ್ಕೊಳ್ಳೋಕೆ, ಬಂದವರಿಗೆ ಇದರ ಕತೆ ಹೇಳೋಕೆ ಇವಳ ರಕ್ತದವರಿಗಿಂತ ಹಕ್ಕುದಾರರು ಯಾರಿದ್ದಾರೆ? 'ಕಾರಂಜಿ ಪಾಲಕ' ಹುದ್ದೆಯನ್ನ ಇವತ್ತೇ, ಇಲ್ಲೇ, ಈ ತಾಯಿಗೆ ಕೊಡ್ತಿದ್ದೀನಿ. ಕಾಯಂ ಆಗಿ!" ಆರ್ಡರಿನ ಮೇಲೆ ಒಂದು ಹೆಸರು ಹೊಡೆದುಹಾಕಿ ಇನ್ನೊಂದು ಬರೆದು ಸಹಿ ಮಾಡಿದರು. ಆಮೇಲೆ ತೇಪೆರಾಯನ ಕಡೆ ತಿರುಗಿ, "ಮನೆಯವರಿಗೇ ಸಿಕ್ತಲ್ಲ, ನಿಮಗೆ ಎಷ್ಟು ಸಂತೋಷ ಆಗಿರಬೇಕು! ನೀವು ಇವರ ಕೈಕೆಳಗೆ ಹೀಗೇ ಮುಂದುವರೀರಿ," ಅಂದರು.

ಚಪ್ಪಾಳೆಯೋ ಚಪ್ಪಾಳೆ. ತೇಪೆರಾಯನೂ ತಟ್ಟಿದ. ಕೈಗಳು ತಮ್ಮಷ್ಟಕ್ಕೆ ತಾವೇ ತಟ್ಟಿದವು. ಹೆಂಡತಿ ಮೊದಲು ಬಿಟ್ಟ ಬಾಯಿ ಬಿಟ್ಟಂತೆ ನಿಂತಿದ್ದವಳು, ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ಅಲುಗಾಡತೊಡಗಿದಳು. ಅಳುತ್ತಿದ್ದಾಳೇನೋ ಅಂತ ನೋಡಿದರೆ ನಗುತ್ತಿದ್ದಳು.

ಜನ ಕರಗಿದ ಮೇಲೆ ಅತ್ತೆ ಹಾರ ಹಾಕಿಕೊಂಡೇ ಅವನ ಹತ್ತಿರ ಬಂದರು. "ಅಳಿಯಂದ್ರೇ, ನಾಳೆ ಸಾಮಾನು ಸಾಗಿಸೋಣ. ಎರಡು ಕೋಣೇಲಿ ಮುಂದಿಂದು ನನಗೆ, ಹಿಂದಿಂದು ನಿಮಗಿಬ್ಬರಿಗೆ. ಒಂಬತ್ತಕ್ಕೆ ಸರಿಯಾಗಿ ಕೆಲಸಕ್ಕೆ ಬರಬೇಕು, ನನಗೆ ಲೇಟಾದ್ರೆ ಆಗಲ್ಲ. ಚೆನ್ನಾಗಿ ಮಾಡಿದ್ರೆ ಮುಂದಿನ ವರ್ಷ ನಿಮ್ಮನ್ನ ಕಾಯಂ ಮಾಡಿ ಅಂತ ನಾನೇ ಬರೀತೀನಿ."

ತೇಪೆರಾಯನಿಗೆ ಇನ್ನು ತಡೆಯಲಾಗಲಿಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಅತ್ತೆಯ ಮುಖಕ್ಕೆ ಮುಖ ಕೊಟ್ಟು ಕೇಳಿದ: "ಅತ್ತೇ, ನಿಮ್ಮ ಮುತ್ತಜ್ಜಿ ನಿಜವಾಗ್ಲೂ ಇಲ್ಲಿಗೆ ನೀರಿಗೆ ಬರ್ತಿದ್ರಾ?"

ಅತ್ತೆ ಆಚೀಚೆ ನೋಡಿ, ದನಿ ತಗ್ಗಿಸಿದರು. "ಯಾರಿಗೆ ಗೊತ್ತು? ಕಪ್ಪು ಚುಕ್ಕೆಗೆ ಪ್ಲಾಸ್ಟರ್ ಮೆತ್ತೋ ಪ್ಯಾಕು ಯಾವ ಲೋಕದಲ್ಲಿದೆ ಅಳಿಯಂದ್ರೇ? ನನ್ನ ಕಿವಿಗೆ ಹೂವು ಇಡ್ತೀರಾ? ಮೂಗು ನಂದು ತಾನೇ? ಹಾಗಾದ್ರೆ ಕೆಲಸವೂ ನಂದೇ."

ಹಾರವನ್ನು ಸರಿಮಾಡಿಕೊಂಡು ಎರಡು ಹೆಜ್ಜೆ ಹೋದವರು ಮತ್ತೆ ತಿರುಗಿದರು. "ಆ ಏಣಿ ಎತ್ತಿಡಿ. ಪಾಲಕರು ಹೇಳ್ತಿದ್ದೀನಿ."

ತೇಪೆರಾಯ ಏಣಿ ಎತ್ತಿಟ್ಟ.